ಎಮ್ಮೆಗೆ 13 ವರ್ಷ, ಮಾಂಸಕ್ಕೆ 9 ತಾಸು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಅಡುಗೆಮನೆಗೆ ಬರುವ ದೊಡ್ಡ ಮಾಂಸದ ವಯಸ್ಸನ್ನು ಗೊತ್ತು ಮಾಡುವುದು ವಿಧಾನಸಭೆ. 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ವಧೆಯ ಪ್ರಮಾಣಪತ್ರ ಸಿಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಎತ್ತನ್ನು ಪೂರ್ತಿ ಹೊರಗಿಟ್ಟಿತು, ಎಮ್ಮೆ-ಕೋಣಗಳಿಗೆ 13 ದಾಟಿರಬೇಕು ಎಂದಿತು. ಅದರ ಸರಿ-ತಪ್ಪಿನ ಬಗ್ಗೆ ಜಗಳಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಒಲೆ ಮುಂದೆ ನಿಲ್ಲುವವರಿಗೆ ತಿಳಿದದ್ದು ಇಷ್ಟೇ: ಮಾಂಸ ಇನ್ನೊಂದು ವರ್ಷ ಬಲಿಯಿತು.

ಅದರಲ್ಲೂ ಎದೆಯ ಭಾಗ, ನಮ್ಮ ಸೀನಾ. ದನ-ಎಮ್ಮೆಗಳಿಗೆ ನಮಗಿರುವಂತೆ ಕೊರಳೆಲುಬಿಲ್ಲ. ಮುಂಭಾಗದ ಭಾರ ಹೊರುವುದರಲ್ಲಿ ಎದೆಯ ಸ್ನಾಯುಗಳ ಪಾಲು ದೊಡ್ಡದು. ಅಷ್ಟು ದುಡಿದದ್ದರ ತುಂಬ ಕೊಲಾಜೆನ್. 70 ಡಿಗ್ರಿ ದಾಟಿದ ಹದವಾದ ಬಿಸಿಯಲ್ಲಿ ತಾಸುಗಟ್ಟಲೆ ಇದ್ದರೆ ಅದು ಕರಗಿ ಜೆಲಟಿನ್ ಆಗುತ್ತದೆ, ಸಾರು ತುಟಿಗೆ ಅಂಟುತ್ತದೆ. ಅವಸರಕ್ಕೆ ಕೊತಕೊತ ಕುದಿಸಿದರೆ ಎಳೆಗಳು ಬಿಗಿದು ನೀರು ಕಾರಿ, ಹಲ್ಲಿಗೆ ಕೆಲಸ ಕೊಡುತ್ತವೆ.

ಈ ಸೀಮೆಗೆ ಕೋಣನ ಮಾಂಸ ಹೊಸದಲ್ಲ. 1520ರ ಸುಮಾರಿಗೆ ಹಂಪಿಯ ಮಹಾನವಮಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೊನೆಯ ದಿನ 250 ಕೋಣ, 4,500 ಕುರಿ ಬಲಿಯಾದವೆಂದು ಬರೆದಿದ್ದಾನೆ. ವಿಜಯನಗರದ ಅರಸರು ಆಕಳು, ಎತ್ತಿನ ಮಾಂಸ ಮುಟ್ಟುತ್ತಿರಲಿಲ್ಲ ಎಂದವನು ಅವನ ನಂತರ ಬಂದ ನ್ಯೂನಿಜ್. ಹಂದಿ, ಜಿಂಕೆ, ಗುಬ್ಬಿ, ಇಲಿಯವರೆಗೆ ಉಳಿದದ್ದೆಲ್ಲ ಅವನ ಪಟ್ಟಿಯಲ್ಲಿದೆ. ಇಷ್ಟೆಲ್ಲ ಎಣಿಸಿದ ಪರದೇಶಿಗಳು ಆ 250 ಕೋಣಗಳನ್ನು ಯಾವ ಕೇರಿಯವರು ಬೇಯಿಸಿದರು, ಎಷ್ಟು ಹೊತ್ತು ಬೇಯಿಸಿದರು ಎಂದು ಕೇಳಲಿಲ್ಲ. ಗಂಡಸರಲ್ಲವೇ!

ದುಬೈಯಿಂದ ನನ್ನ ತಮ್ಮ ಸ್ಲೋ ಕುಕ್ಕರ್ ತಂದಾಗ ಅಮ್ಮಿ ಮೊದಲು ಕೇಳಿದ್ದು, "ಇದರ ಸೀಟಿ ಎಲ್ಲೋ?" ಸೀಟಿಯೇ ಇಲ್ಲ, ಬೇಯಲು 9 ತಾಸು ಎಂದು ತಿಳಿದ ಮೇಲೆ, "ಪೆನ್ಷನ್ ತಗೊಂಡಿರೋ ಒಲೆ ತಂದೀಯಲ್ಲೋ!" ಅಂದರು.

ಆದರೆ ಆ ಕುಕ್ಕರಿನ ಹಿಂದೆಯೂ ಒಬ್ಬ ಅಮ್ಮಿ ಇದ್ದಾಳೆ. ಸಬ್ಬತ್ ದಿನ ಯಹೂದಿಗಳು ಬೆಂಕಿ ಹೊತ್ತಿಸುವಂತಿಲ್ಲ. ಲಿಥುವೇನಿಯಾದಲ್ಲಿ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಮಾಂಸ, ಕಾಳು ತುಂಬಿದ ಮಡಕೆಯನ್ನು ಬ್ರೆಡ್ ಸುಡುವವರ ಒಲೆಗೆ ಕೊಟ್ಟು ಬರುತ್ತಿದ್ದರು. ಆರುವ ಒಲೆಯಲ್ಲಿ ರಾತ್ರಿಯಿಡೀ ಬೆಂದದ್ದು ಚೋಲೆಂಟ್. ತಾಯಿ ಹೇಳಿದ ಈ ಕಥೆ ಕೇಳಿಯೇ ಶಿಕಾಗೋದ ಅರ್ವಿಂಗ್ ನಾಕ್ಸನ್ ಕರೆಂಟಿನ ಮಡಕೆ ಮಾಡಿ, 1940ರಲ್ಲಿ ಪೇಟೆಂಟ್ ಪಡೆದ. 1971ರಲ್ಲಿ ಅದು ಕ್ರಾಕ್-ಪಾಟ್ ಎಂಬ ಹೆಸರಲ್ಲಿ ಅಂಗಡಿಗೆ ಬಂತು.

ಇದನ್ನು ಹೇಳಿದಾಗ ಅಮ್ಮಿಗೆ ಅಚ್ಚರಿಯೇ ಆಗಲಿಲ್ಲ. ಹಿಂದೆ ನಮ್ಮೂರ ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೇ ಹೋಗುತ್ತಿರಲಿಲ್ಲವಂತೆ, ಗಾಣಕ್ಕೂ ಬರುತ್ತಿತ್ತಂತೆ. ಅಲ್ಲಿ ಬೆಲ್ಲ ಇಳಿಸಿದ ಮೇಲೆ ನಾನಿ, ಅಂದರೆ ಅಮ್ಮಿಯ ತಾಯಿ, ಆ ಒಲೆಯ ಬಿಸಿ ಬೂದಿಯಲ್ಲಿ ಸೀನಾದ ತಪೇಲಿ ಹುಗಿದು ಬಂದು, ಬೆಳಿಗ್ಗೆ ತೆಗೆಯುತ್ತಿದ್ದರಂತೆ.

ಈಗ ಸ್ಲೋ ಕುಕ್ಕರಿಗೆ ಅಮ್ಮಿಯದೇ ಉಸ್ತುವಾರಿ. ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಧನಿಯಾ, ಬ್ಯಾಡಗಿ ಖಾರದಲ್ಲಿ ತುಂಡುಗಳನ್ನು ಮೊದಲು ಒಲೆ ಮೇಲೆ ಕೆಂಪಗೆ ಹುರಿಯುತ್ತಾರೆ. ಕುಕ್ಕರಿಗೆ ಹಾಕುವ ನೀರು ಒಂದೇ ಲೋಟ. ಆವಿ ಹೊರಗೆ ಹೋಗುವುದು ಕಡಿಮೆ, ಮಾಂಸವೂ ನೀರು ಬಿಡುತ್ತದೆ. ಮುಚ್ಚಳ ತೆಗೆದು ಇಣುಕುವ ಮಕ್ಕಳಿಗೆ ಬೈಗುಳ, ಯಾಕೆಂದರೆ ಹೋದ ಬಿಸಿ ಬೇಗ ಮರಳುವುದಿಲ್ಲ. ಕೊನೆಗೆ ಸಾರನ್ನಷ್ಟೇ ಅಗಲ ಬಾಣಲೆಗೆ ಬಸಿದು ಗಟ್ಟಿ ಮಾಡುತ್ತಾರೆ. ಜೋಳದ ರೊಟ್ಟಿ ಮಾತ್ರ ತವೆಯಿಂದ ನೇರ ತಟ್ಟೆಗೆ ಬೀಳಬೇಕು. ಅದಕ್ಕೆ ಎರಡು ನಿಮಿಷ ತಡವಾದರೂ ತಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.