ಗಟ್ಟಿ ಮರಕ್ಕೆ ಎಷ್ಟು ಎಚ್‌ಪಿ?

ಟೇಬಲ್ ಸಾ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮೋಟರಿನ ಬಲ. ಪ್ಲೈವುಡ್, ಸಿಲ್ವರ್ ಓಕ್ ಕೊಯ್ಯಲು ಒಂದೂವರೆ ಎಚ್‌ಪಿ ಸಾಕು. ಎರಡು ಇಂಚು ದಪ್ಪದ ಹೊನ್ನೆಯನ್ನೋ ಹುಣಸೆಯನ್ನೋ ಉದ್ದಕ್ಕೆ ಸೀಳಹೊರಟರೆ ಅದೇ ಮೋಟರಿನ ಸದ್ದು ಕುಗ್ಗುತ್ತದೆ, ಬ್ಲೇಡು ತಡವರಿಸುತ್ತದೆ, ಕೊಯ್ದ ಅಂಚು ಕಪ್ಪಗೆ ಸುಟ್ಟು ಹೊಗೆ ವಾಸನೆ ಏಳುತ್ತದೆ. ದಿನವೂ ಇಂಥ ಮರ ಸೀಳುವ ಬಡಗಿಗೆ 3 ಎಚ್‌ಪಿಯ ಇಂಡಕ್ಷನ್ ಮೋಟರೇ ಸರಿ.

1 ಎಚ್‌ಪಿ ಎಂದರೆ 746 ವಾಟ್. ಮೂರಕ್ಕೆ ಸುಮಾರು 2,240. ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ಹಳೆಯ ಮನೆಯ ವೈರಿಂಗಿಗೆ ಇದು ಭಾರವೇ. ತ್ರೀ ಫೇಸ್ ಇದ್ದರೆ ಒಳ್ಳೆಯದು. ಹತ್ತು ಇಂಚಿನ ಬ್ಲೇಡಿಗೆ 24 ಹಲ್ಲಿದ್ದರೆ ಸೀಳುವಾಗ ಮೋಟರಿನ ಹೊರೆಯೂ ಇಳಿಯುತ್ತದೆ.