ಜೀಪಿನ ಕಾರ್ಪೋರೇಟರ್

ಕನ್ನಡ ಪಾಠ ಹೇಳುವವನಿಗೆ ಕಾರ್ಬುರೇಟರಿನ ಗೊಡವೆ ಏಕೆಂದು ಕೇಳುವವರು ಕೇಳಲಿ. ನವಲಗುಂದದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಬಿಟ್ಟುಹೋದ ಪೆಟ್ರೋಲ್ ಜೀಪೊಂದಿದೆ. 1974ರ ಮಹೀಂದ್ರಾ; ಸರಕಾರಿ ಹರಾಜಿನಲ್ಲಿ ಕೊಂಡದ್ದು. ಹಿಂದಿನ ಸೀಟು ಕಿತ್ತು ಹಲಗೆ ಬಡಿಸಿದ ಮೇಲೆ ಅದೇ ನಮ್ಮ ಪಿಕಪ್ಪಾಯಿತು. ಹತ್ತಿ, ಮೆಣಸಿನಕಾಯಿ ಎಲ್ಲ ಅದರಲ್ಲೇ ಪೇಟೆ ಕಂಡಿವೆ.

ಈಚೆಗೆ ಅದು ಹೇರು ಹೊತ್ತರೆ ಏದುಸಿರು ಬಿಡುತ್ತಿತ್ತು. "ಕಾರ್ಪೋರೇಟರ್ ಬದ್ಲಿ ಮಾಡಬೇಕ್ರೀ ಸರ" ಎಂದ ಮಿಸ್ತ್ರಿ. ಹುಬ್ಬಳ್ಳಿಯ ಮಹಾನಗರ ಪಾಲಿಕೆಗೂ ಈ ಜೀಪಿಗೂ ಏನು ಸಂಬಂಧವೆಂದು ನಾನು ಕ್ಷಣಕಾಲ ಬೆಪ್ಪಾದೆ. ಒಂದು ಬಾಯಿಯ ಹಳೆಯ ಸೋಲೆಕ್ಸ್ ತೆಗೆದು ಎರಡು ಬಾಯಿಯ ದೊಡ್ಡದನ್ನು ಕೂರಿಸಬೇಕೆಂಬುದು ಅವನ ಅಭಿಪ್ರಾಯ. "ಅಪ್ಪಾ ಇಟ್ಟಂಗ ಇರ್ಲಿ ಬಿಡೋ" ಎಂದ ಅಣ್ಣ. ನಾಲ್ಕು ಪುಸ್ತಕ ಓದಿದವನಿಗೆ ಇಂಥ ಮಾತು ರುಚಿಸುವುದುಂಟೆ? ಖರ್ಚು ನನ್ನದೆಂದೆ.

ತಿಳಿದವರು ನಗಬಹುದು. ಈ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ದಾರಿ ಬೇರೆ ಕೊಳವೆಯಲ್ಲ. ಸಿಲಿಂಡರಿನ ಹೆಡ್ಡಿನಲ್ಲಿಯೇ ಎರಕವಾಗಿ ಬಂದದ್ದು. ಮೇಲೆ ಎಷ್ಟು ದೊಡ್ಡ ಬಾಯಿ ಇಟ್ಟರೂ ಗಂಟಲು ಅಷ್ಟೇ. ಆದರೂ ಲೇಥಿನಲ್ಲಿ ಅಲ್ಯುಮಿನಿಯಂ ತಟ್ಟೆ ಕೊರೆಸಿ ಕೂರಿಸಿದ್ದಾಯಿತು. ಹಳೆಯ ಎಣ್ಣೆ ಫಿಲ್ಟರಿನ ಕೊಳವೆ ಹೊಸದಕ್ಕೆ ಹೊಂದಲಿಲ್ಲ; ಅಂಗೈಯಗಲದ ಸ್ಪಂಜಿನ ಫಿಲ್ಟರೊಂದನ್ನು ಸಿಕ್ಕಿಸಿದೆವು. ಜೀಪು ತುಸು ಚುರುಕಾಯಿತು, ಪೆಟ್ರೋಲನ್ನು ಮಾತ್ರ ಮಜ್ಜಿಗೆಯಂತೆ ಕುಡಿಯತೊಡಗಿತು. ನಾನು ಹಿಗ್ಗಿ ಧಾರವಾಡಕ್ಕೆ ಮರಳಿದೆ.

ಒಂದು ತೂಕ ಪೆಟ್ರೋಲ್ ಉರಿಯಲು ಸುಮಾರು 15 ತೂಕ ಗಾಳಿ ಬೇಕು. ನಮ್ಮ ಎರೆಸೀಮೆಯ ಬೇಸಿಗೆಯ ಗಾಳಿಯೆಂದರೆ ಅರ್ಧ ಹೊಲವೇ ಸರಿ. ಹಳೆಯ ಫಿಲ್ಟರಿನಲ್ಲಿ ಗಾಳಿ ಎಣ್ಣೆಯ ಮೇಲೆ ಬಡಿದು ತಿರುಗುವಾಗ ಧೂಳು ಎಣ್ಣೆಗೆ ಸಿಕ್ಕಿ ತಳಕ್ಕಿಳಿಯುತ್ತದೆ. ಅಪ್ಪ ಅಮಾವಾಸ್ಯೆಗೊಮ್ಮೆ ಅದರ ಬಟ್ಟಲು ಬಿಚ್ಚಿ, ಕೆಸರು ಬಳಿದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಹೊಯ್ಯುತ್ತಿದ್ದರು. ಕಂದೀಲು ಹಿಡಿಯಲು ಕರೆದರೆ ನಾನು ಪರೀಕ್ಷೆಯ ನೆವ ಹೇಳಿ ಒಳಗೆ ಕೂರುತ್ತಿದ್ದೆ.

ಏಪ್ರಿಲ್ ಹೊತ್ತಿಗೆ ನೀಲಿ ಹೊಗೆ. ಎಂಜಿನ್ ಬಿಚ್ಚಿದ ಮಿಸ್ತ್ರಿ ಸಿಲಿಂಡರಿನ ಮೇಲಂಚಿನಲ್ಲಿ ಉಗುರು ಆಡಿಸಿದ, ಉಗುರು ತಡೆಯಿತು. ಒಳಗೋಡೆ, ರಿಂಗುಗಳು ಎಲ್ಲ ಸವೆದಿದ್ದವು. ಮೊದಲಿನ ಏದುಸಿರಿಗೆ ಕಾರಣ ಸೋಲೆಕ್ಸಿನ ಜೆಟ್ಟಿನಲ್ಲಿ ಸಿಕ್ಕ ಕಸವೆಂದೂ ಆಮೇಲೆ ತಿಳಿಯಿತು. ಊದಿದ್ದರೆ ಹೋಗುತ್ತಿತ್ತು! ಬೋರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಅಣ್ಣ ಬಾಡಿಗೆ ಗಾಡಿಯಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ಸಾಗಿಸಿದ. ಆ ಬಾಡಿಗೆಯನ್ನು ಕೊಡಹೋದರೆ ಮುಟ್ಟಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅಟ್ಟ ಹತ್ತಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಸೋಲೆಕ್ಸನ್ನೂ ಎಣ್ಣೆ ಫಿಲ್ಟರನ್ನೂ ತಂದು ನನ್ನ ಮುಂದಿಟ್ಟ, ಅಷ್ಟೇ.

ಹೋದ ಅಮಾವಾಸ್ಯೆಗೆ ಊರಲ್ಲಿದ್ದೆ. ಬಟ್ಟಲು ಬಿಚ್ಚಿ ಡೀಸೆಲಿನಲ್ಲಿ ತೊಳೆಯಲು ಕುಳಿತೆ. ಅಣ್ಣ ಟಾರ್ಚು ಹಿಡಿದು ನಿಂತಿದ್ದ.

"ಎಷ್ಟ್ ಬಂತೋ ಕೆಸರು?"

ಬೆರಳಿಟ್ಟು ನೋಡಿದೆ. ಒಂದು ಗೆಣ್ಣು.

"ಅಪ್ಪನ ಕಾಲಕ್ಕ ಎರಡ್ ಬರ್ತಿತ್ತು. ಈಗ ರಸ್ತೆ ಡಾಂಬರ ಆಗೇತಲ್ಲ" ಎಂದು ಟಾರ್ಚನ್ನು ಇನ್ನಷ್ಟು ಹತ್ತಿರ ತಂದ.