ಸಾವಿರ ಕೊರಳುಗಳ ಮೆಲುದನಿ

ಗುಸ್ತಾವ್ ಮಾಹ್ಲರನ ಎಂಟನೆಯ ಸಿಂಫನಿಗೆ ‘ಸಾವಿರ ಜನರ ಸಿಂಫನಿ’ ಎಂಬ ಹೆಸರು ಅಂಟಿದ್ದು ಕಾರ್ಯಕ್ರಮ ಏರ್ಪಡಿಸಿದವರ ಜಾಹೀರಾತಿನಿಂದ. ಅವನಿಗೆ ಅದು ಹಿಡಿಸಿರಲಿಲ್ಲ. ಲೆಕ್ಕವೇನೋ ಸುಳ್ಳಲ್ಲ. 1910ರ ಸೆಪ್ಟೆಂಬರ್ 12ರಂದು ಮ್ಯೂನಿಕ್‌ನಲ್ಲಿ ಅದು ಮೊದಲ ಸಲ ಕೇಳಿಬಂದಾಗ ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು, ಹಾಡುವವರೇ ಎಂಟುನೂರಕ್ಕೂ ಮಿಕ್ಕು. ಆದರೆ ಆ ಹೆಸರು ಕಿವಿಯನ್ನು ಬರೀ ಅಬ್ಬರಕ್ಕೆ ಅಣಿಮಾಡಿಬಿಡುತ್ತದೆ. ನನ್ನನ್ನು ಈ ಕೃತಿಗೆ ಕಟ್ಟಿಹಾಕಿರುವುದು ಅಷ್ಟೂ ಜನ ಸೇರಿ ಹಾಡುವ ಮೆಲುದನಿ.

ಗುಸ್ತಾವೊ ದುದಾಮೆಲ್ 2019ರಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸಿ ವಾಲ್ಟ್ ಡಿಸ್ನಿ ಸಭಾಂಗಣದಲ್ಲಿ ಮಾಡಿದ ಇದರ ಧ್ವನಿಮುದ್ರಣವನ್ನು ಈಚೆಗೆ ರಾತ್ರಿಗಳಲ್ಲಿ ನಿಧಾನವಾಗಿ ಕೇಳುತ್ತಿದ್ದೇನೆ. 2022ರಲ್ಲಿ ಅದಕ್ಕೆ ವೃಂದಗಾನದ ಗ್ರ್ಯಾಮಿ ಬಂತು. ಆರ್ಗನ್ ಒಮ್ಮೆ ಗುಡುಗಿದ್ದೇ ತಡ, ಎರಡು ದೊಡ್ಡ ಗಾಯನವೃಂದಗಳು ಸೃಷ್ಟಿಯ ಚೇತನವನ್ನು ‘ಬಾ’ ಎಂದು ಕರೆಯುತ್ತವೆ. ಒಂಬತ್ತನೆಯ ಶತಮಾನದ ಲ್ಯಾಟಿನ್ ಸ್ತೋತ್ರ ಅದು. ಈ ಆರಂಭದ ಕಾವಿಗಾದರೆ ನಾನು ಇಂದಿಗೂ 1971ರ ಜಾರ್ಜ್ ಶೋಲ್ಟಿ ಮುದ್ರಣದ ಕಡೆಗೇ. ಅಲ್ಲಿ ಕರೆಯುವವರಿಗೆ ಕಾಯುವ ವ್ಯವಧಾನವಿಲ್ಲ.

ದುದಾಮೆಲ್ ಗೆಲ್ಲುವುದು ಎರಡನೆಯ ಭಾಗದಲ್ಲಿ. ಗಯಟೆಯ ‘ಫೌಸ್ಟ್’ ನಾಟಕದ ಕಡೆಯ ದೃಶ್ಯ. ಬೆಟ್ಟದ ಕಮರಿ, ಕಾಡು, ಅಲ್ಲಲ್ಲಿ ತಪಸ್ವಿಗಳು. ಪಿಟೀಲುಗಳು ಮೇಲಿನ ಒಂದೇ ಸ್ವರವನ್ನು ನಡುಗಿಸುತ್ತ ನಿಲ್ಲುತ್ತವೆ, ಕೆಳಗಿನ ಮಂದ್ರದಲ್ಲಿ ತಂತಿ ಮೀಟುವ ಸದ್ದು ಹೆಜ್ಜೆಯಿಡುತ್ತದೆ. ಎಷ್ಟೋ ಹೊತ್ತು ಯಾರೂ ಹಾಡುವುದಿಲ್ಲ. ಕೊನೆಗೆ ಗಂಡಸರ ದನಿಗಳು ಬರುತ್ತವೆ, ತುಂಡುತುಂಡಾಗಿ, ಬಂಡೆಗೆ ತಾಗಿ ಮರುದನಿಸಿದಂತೆ. ದುದಾಮೆಲ್ ಇಲ್ಲಿ ಅವಸರಪಡುವುದೇ ಇಲ್ಲ. ಸಭಾಂಗಣದ ಗಾಳಿಯೂ ವಾದ್ಯದ ಜೊತೆ ಕೇಳಿಸುತ್ತದೆ.

ಆಮೇಲೆ ಜಗನ್ಮಾತೆ ತೇಲಿಬರುವ ಗಳಿಗೆ. ಇಷ್ಟೊಂದು ಹಿತ್ತಾಳೆ ವಾದ್ಯ, ಆರ್ಗನ್ ಎಲ್ಲ ಕೈಯಳತೆಯಲ್ಲಿರುವಾಗ ಮಾಹ್ಲರ್ ಆರಿಸಿಕೊಂಡದ್ದು ಪಿಟೀಲು, ಹಾರ್ಪ್ ಮತ್ತು ಹಾರ್ಮೋನಿಯಂ! ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂನ ನೆಂಟನೇ ಅದು. ಅದರ ಎಳೆದ ಸ್ವರ ಕಿವಿಗೆ ಬಿದ್ದಾಗ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ. ಆ ತಾಯಿಗಿರುವುದು ಒಂದೆರಡು ಸಾಲಿನ ಹಾಡು ಮಾತ್ರ. ಎರಿನ್ ಮಾರ್ಲಿ ಅದನ್ನು ಎಲ್ಲಿಂದಲೋ ಎತ್ತರದಿಂದ, ಒಂದಿಷ್ಟೂ ಒತ್ತಡವಿಲ್ಲದೆ ಇಳಿಬಿಡುತ್ತಾರೆ.

ಕಡೆಯ ವೃಂದಗಾನಕ್ಕೆ ಮಾಹ್ಲರ್ ಕೊಟ್ಟ ಸೂಚನೆ ‘ಉಸಿರಿನಂತೆ’ ಎಂದು. ನಾಲ್ಕು ಜನ ಪಿಸುನುಡಿಯಲ್ಲಿ ಹಾಡುವುದು ಬೇರೆ, ನೂರಾರು ಜನ ದನಿಯನ್ನು ಅಷ್ಟು ತಗ್ಗಿಸುವುದು ಬೇರೆ. ಎರಡನೆಯದರಲ್ಲಿ ತೂಕವಿದೆ, ಅಗಲವಿದೆ, ತಡೆಹಿಡಿದ ಬಲವಿದೆ. ಒಬ್ಬೊಬ್ಬರೂ ತಮ್ಮ ದನಿ ಬೇರೆಯಾಗಿ ಕೇಳಿಸದಂತೆ ಹಾಡಬೇಕು. ಅದು ತುಂಬಿ ಏರಿ, ದೂರದಲ್ಲಿ ನಿಂತ ಕಹಳೆಗಳು ಮೊದಲ ಭಾಗದ ಕರೆಯನ್ನೇ ಮತ್ತೆ ಎತ್ತುವ ಹೊತ್ತಿಗೆ, ಆ ಮಹಾಘೋಷಕ್ಕೆ ಅರ್ಥ ಬಂದಿರುತ್ತದೆ. ಮೆಲುದನಿ ಕೆಟ್ಟಿದ್ದರೆ ಅದು ಬರೀ ಸದ್ದು.

ಮ್ಯೂನಿಕ್‌ನ ಆ ಸಂಜೆಯ ಎಂಟು ತಿಂಗಳಿಗೆ ಮಾಹ್ಲರ್ ತೀರಿಕೊಂಡ. ಪಿಯಾನೊ ನುಡಿಕೆಯನ್ನು ದಾಖಲಿಸಿಕೊಂಡ ಕಾಗದದ ಸುರುಳಿಗಳಲ್ಲಿ ಅವನ ಬೆರಳುಗಳ ಗುರುತು ಉಳಿದಿದೆ, ಅವನು ನಡೆಸಿದ ವಾದ್ಯವೃಂದದ ಧ್ವನಿಮುದ್ರಣ ಒಂದೂ ಇಲ್ಲ. ಸುಮಾರು ಎಂಬತ್ತು ನಿಮಿಷದ ಕೃತಿ ಇದು. ಅಷ್ಟು ಬಿಡುವು ಇಲ್ಲದವರು ಎರಡನೆಯ ಭಾಗದಿಂದಲೇ ಶುರುಮಾಡಿ. ಆ ಮೊದಲ ಪಿಟೀಲು ಕೇಳುವಷ್ಟೇ ದನಿ ಇಟ್ಟುಕೊಳ್ಳಿ, ಮಧ್ಯೆ ಮುಟ್ಟಬೇಡಿ.